ಮುಖವಾಡ ಹಾಕಿದ್ದು ಯಾಕೆ ಅನ್ನುವುದನ್ನೇ ಅರ್ಧಕ್ಕೆ ಬಿಟ್ಟ ಸ್ಪೈಡರ್‌ಮ್ಯಾನ್: 2012ರ ಸಿನಿಮಾ ಬಗ್ಗೆ ಒಂದಷ್ಟು ಮಾತು

2012ರ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಬಗ್ಗೆ ಮಾತು ಬಂದಾಗೆಲ್ಲ ಒಂದೇ ದೂರು ಕೇಳಿಬರುತ್ತದೆ. ಸ್ಯಾಮ್ ರೈಮಿ ಅವರ ಮೂರನೇ ಸಿನಿಮಾ ಬಂದಿದ್ದು 2007ರಲ್ಲಿ, ಐದೇ ವರ್ಷಕ್ಕೆ ಮತ್ತೆ ಮೊದಲಿಂದ ಯಾಕೆ ಶುರು ಮಾಡಬೇಕಿತ್ತು ಅಂತ. ನನಗೆ ಆ ದೂರಿನಲ್ಲಿ ಅಷ್ಟೇನೂ ಹುರುಳು ಕಾಣುವುದಿಲ್ಲ. ಕಾಮಿಕ್ಸ್ ಓದುವವರಿಗೆ ಮೊದಲಿಂದ ಶುರು ಮಾಡುವುದು ಹೊಸ ವಿಷಯವೇ ಅಲ್ಲ. ಕಾಮಿಕ್ಸ್ ಕಂಪನಿ ಡಿಸಿಯವರು 1985-86ರಲ್ಲಿ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್' ತಂದು ತಮ್ಮ ಇಡೀ ಲೋಕವನ್ನೇ ಅಳಿಸಿ ಬರೆದರು, 2011ರಲ್ಲಿ ಮತ್ತೊಂದು ಸಲ ಬರೆದರು. ಸ್ಪೈಡರ್‌ಮ್ಯಾನ್ ಕಾಮಿಕ್ಸ್ ತರುವ ಮಾರ್ವೆಲ್ 2000ದಲ್ಲಿ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಶುರು ಮಾಡಿ, ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್‌ನನ್ನು ಮತ್ತೆ ಶಾಲೆಗೆ ಕಳಿಸಿತು. 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ 11 ಪುಟಗಳಲ್ಲಿ ಮುಗಿಸಿದ್ದ ಕಥೆಯನ್ನು ಬ್ರಯಾನ್ ಮೈಕೆಲ್ ಬೆಂಡಿಸ್ ಬರೆದು, ಮಾರ್ಕ್ ಬ್ಯಾಗ್ಲಿ ಚಿತ್ರ ಬಿಡಿಸಿ, ಹಲವು ಸಂಚಿಕೆಗಳಷ್ಟು ಉದ್ದಕ್ಕೆ ಹೇಳಿದರು. ಅದನ್ನು ಓದಿ ನಾವೆಲ್ಲ ಖುಷಿಪಟ್ಟೆವು, ಅಲ್ವಾ? ಹಾಗಾಗಿ ಮತ್ತೆ ಹೇಳಿದ್ದು ತಪ್ಪಲ್ಲ.

ಯಾಕೆ ಮತ್ತೆ ಹೇಳಿದರು ಅನ್ನುವುದೂ ಗುಟ್ಟೇನಲ್ಲ. ರೈಮಿ ನಾಲ್ಕನೇ ಭಾಗಕ್ಕೆ ತಯಾರಿ ನಡೆಸಿದ್ದರು, 2010ರ ಜನವರಿಯಲ್ಲಿ ಅದು ನಿಂತುಹೋಯಿತು. ಪಾತ್ರದ ಸಿನಿಮಾ ಹಕ್ಕು ನಿರ್ಮಾಣ ಸಂಸ್ಥೆ ಸೋನಿ ಕೈಯಲ್ಲೇ ಉಳಿಯಬೇಕಾದರೆ ಸಿನಿಮಾ ಬರುತ್ತಲೇ ಇರಬೇಕು. ಸರಿ, ವ್ಯಾಪಾರ ಅಂದಮೇಲೆ ಅದೆಲ್ಲ ಇರುತ್ತದೆ. ಬಟ್ಟೆ ಬದಲಾಯಿಸಲಿ, ಹುಡುಗಿ ಬದಲಾಗಲಿ, ಬಲೆ ಬರುವ ರೀತಿ ಬದಲಾಗಲಿ, ನನಗೇನೂ ತಕರಾರಿಲ್ಲ. ಆದರೆ ಈ ಹುಡುಗ ಮುಖವಾಡ ಹಾಕುವುದು ಯಾಕೆ ಅನ್ನುವ ಒಂದು ವಿಷಯವನ್ನು ಕೊನೆಯವರೆಗೂ ಬಿಡಬಾರದು. ಈ ಸಿನಿಮಾ ಅದನ್ನು ಚೆನ್ನಾಗಿಯೇ ಶುರು ಮಾಡುತ್ತದೆ, ಆಮೇಲೆ ನಡುವೆ ಎಲ್ಲೋ ಇಟ್ಟು ಮರೆತುಬಿಡುತ್ತದೆ. ನನ್ನ ಕೋಪ ಅಷ್ಟಕ್ಕೇ.

ಮೊದಲು ಇಷ್ಟವಾಗಿದ್ದನ್ನು ಹೇಳುತ್ತೇನೆ, ಯಾಕಂದರೆ ಇಷ್ಟವಾಗಿದ್ದು ತುಂಬಾ ಇದೆ. ಬಲೆ ಚಿಮ್ಮಿಸುವ ಮಣಿಕಟ್ಟಿನ ಯಂತ್ರ, ಅಂದರೆ ವೆಬ್ ಶೂಟರ್, ವಾಪಸ್ ಬಂದಿದ್ದು. ರೈಮಿ ಸಿನಿಮಾಗಳಲ್ಲಿ ಬಲೆ ಪೀಟರ್‌ನ ಮೈಯಿಂದಲೇ ಬರುತ್ತಿತ್ತು. ಮೂಲ ಕಥೆಯಲ್ಲಿ ಅದನ್ನು ಅವನೇ ಕೂತು ತಯಾರಿಸುತ್ತಾನೆ. ಇದು ಸಣ್ಣ ವಿಷಯ ಅಲ್ಲ. ಜೇಡ ಕಚ್ಚಿದ್ದು ಅದೃಷ್ಟ, ಆದರೆ ಬಲೆ ಅವನ ಸ್ವಂತ ಬುದ್ಧಿ. ಈ ಹುಡುಗನಿಗೆ ತಲೆ ಇದೆ ಅನ್ನುವುದು ಒಂದೇ ಏಟಿಗೆ ಗೊತ್ತಾಗುತ್ತದೆ. ಆಮೇಲೆ ಅವನ ಮಾತು. ಕಾರು ಕದಿಯಲು ಬಂದವನು ಚಾಕು ತೆಗೆದಾಗ, ಅಯ್ಯೋ ಚಾಕು ಅಂದರೆ ನನಗೆ ಭಯ ಅಂತ ನಾಟಕ ಮಾಡುತ್ತಾನಲ್ಲ, ಅದು ಡಿಟ್ಕೋ ಪುಟದಿಂದ ಎದ್ದು ಬಂದ ಹಾಗಿದೆ. ಮುಖವಾಡ ಇಲ್ಲದಾಗ ತಡವರಿಸುವ ಹುಡುಗ, ಹಾಕಿಕೊಂಡ ಕೂಡಲೇ ಬಾಯಿ ಬಿಚ್ಚುತ್ತಾನೆ. ರೈಮಿ ಸಿನಿಮಾಗಳಲ್ಲಿ ಟೋಬಿ ಮಗ್ವಾಯರ್ ಒಳ್ಳೆಯ ಪೀಟರ್ ಆಗಿದ್ದರು, ಆದರೆ ಮುಖವಾಡದೊಳಗೆ ಜಾಸ್ತಿ ಮೌನ. ಆ್ಯಂಡ್ರ್ಯೂ ಗಾರ್ಫೀಲ್ಡ್ ಈ ಸಿನಿಮಾದಲ್ಲಿ ಅದನ್ನು ಸರಿಮಾಡಿದರು. ಗೋಡೆ ಮೇಲೆ ಕೂರುವ ರೀತಿ, ಮೊಣಕೈ ಮೊಣಕಾಲು ಮಡಚುವ ರೀತಿ, ಎಲ್ಲದರಲ್ಲೂ ಈ ಮನುಷ್ಯ ಕಾಮಿಕ್ಸ್ ನೋಡಿ ಬೆಳೆದವನು ಅಂತ ಗೊತ್ತಾಗುತ್ತದೆ. 2011ರ ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ನಲ್ಲಿ ಅವರು ಸಾಧಾರಣ ಅಂಗಡಿ ವೇಷ ಹಾಕಿಕೊಂಡು ಅಭಿಮಾನಿಗಳ ಮಧ್ಯದಿಂದ ಎದ್ದು ನಿಂತು ಮಾತಾಡಿದ ವಿಡಿಯೋ ನೋಡಿ. ಆ ಪ್ರೀತಿ ಅವರ ಅಭಿನಯದಲ್ಲೂ ಇದೆ.

ಪೀಟರ್ ಪ್ರೀತಿಸುವ ಹುಡುಗಿ ಗ್ವೆನ್ ಸ್ಟೇಸಿ ಬಗ್ಗೆ ಎಷ್ಟು ಹೇಳಿದರೂ ಸಾಲದು. ಕಾಮಿಕ್ಸ್‌ನಲ್ಲಿ ಅವಳು ಬರುವುದು 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸರಣಿಯ 31ನೇ ಸಂಚಿಕೆಯಲ್ಲಿ, 1965ರಲ್ಲಿ, ಪೀಟರ್ ಕಾಲೇಜಿಗೆ ಸೇರಿದಾಗ. ಪೀಟರ್ ಅವಳಿಗೆ ತನ್ನ ಗುಟ್ಟು ಹೇಳುವುದೇ ಇಲ್ಲ, ಅವಳು ಸಾಯುವವರೆಗೂ. ಸಿನಿಮಾದಲ್ಲಿ ಅವಳ ಮನೆಗೆ ಊಟಕ್ಕೆ ಹೋದ ರಾತ್ರಿಯೇ ಹೇಳಿಬಿಡುತ್ತಾನೆ. ನಾನು ಈ ಬದಲಾವಣೆಯ ಪರ. ಗೊತ್ತಿದ್ದೂ ಜೊತೆಗೆ ನಿಲ್ಲುವ ಹುಡುಗಿ ಬೇರೆ, ಏನೂ ಗೊತ್ತಿಲ್ಲದೆ ಕಾಯುವ ಹುಡುಗಿ ಬೇರೆ. ಎಮ್ಮಾ ಸ್ಟೋನ್ ಮಾಡಿದ ಗ್ವೆನ್ ಪ್ರಯೋಗಾಲಯದಲ್ಲಿ ನಿಂತು ಮದ್ದು ತಯಾರಿಸುತ್ತಾಳೆ. ಕೂಗುತ್ತಾ ನೇತಾಡುವುದು ಅವಳ ಕೆಲಸ ಅಲ್ಲ.

ಈಗ ನನ್ನ ಕೋಪಕ್ಕೆ ಬರುತ್ತೇನೆ.

1962ರ ಕಥೆ ನೆನಪಿಸಿಕೊಳ್ಳಿ. ಪೀಟರ್ ಟಿವಿಯಲ್ಲಿ ಹೆಸರು ಮಾಡಿದ್ದಾನೆ. ಪೊಲೀಸ್ ಒಬ್ಬ ಕಳ್ಳನ ಹಿಂದೆ ಓಡಿ ಬರುತ್ತಾನೆ, ಹಿಡಿ ಅಂತ ಕೂಗುತ್ತಾನೆ, ಪೀಟರ್ ಸುಮ್ನೆ ನಿಂತಿರುತ್ತಾನೆ. ನನ್ನ ಕೆಲಸ ಅಲ್ಲ ಅಂತ. ಕೆಲವು ದಿನದ ಮೇಲೆ ಅವನನ್ನು ಸಾಕಿದ ಬೆನ್ ಅಂಕಲ್ ಕೊಲೆಯಾಗುತ್ತದೆ. ಗೋದಾಮಿಗೆ ನುಗ್ಗಿ ಕೊಲೆಗಾರನನ್ನು ಹಿಡಿದು ಮುಖ ನೋಡಿದಾಗ ಅದೇ ಕಳ್ಳ. ಆ ಒಂದು ಮುಖದಲ್ಲಿ ಇಡೀ ಸ್ಪೈಡರ್‌ಮ್ಯಾನ್ ಇದ್ದಾನೆ. ಅವನು ಹಿಡಿದಿದ್ದು ಕಳ್ಳನನ್ನು, ಆದರೆ ಸಿಕ್ಕಿಬಿದ್ದವನು ಅವನೇ. ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರುತ್ತದೆ ಅನ್ನುವ ಆ ಪ್ರಸಿದ್ಧ ಸಾಲು ಆ ಕಥೆಯಲ್ಲಿ ಬೆನ್ ಬಾಯಲ್ಲಿ ಬರುವುದೇ ಇಲ್ಲ, ಕೊನೆಯ ಪ್ಯಾನೆಲ್‌ನ ನಿರೂಪಣೆಯಲ್ಲಿ ಬರುತ್ತದೆ. ಯಾರೂ ಅವನಿಗೆ ಉಪದೇಶ ಮಾಡಲಿಲ್ಲ. ಅವನೇ ನೋಡಿದ, ಅವನೇ ಕಲಿತ.

2012ರ ಸಿನಿಮಾ ಇದನ್ನು ಬದಲಾಯಿಸಿದ ರೀತಿ ಮೊದಲರ್ಧದಲ್ಲಿ ನಿಜಕ್ಕೂ ಚೆನ್ನಾಗಿದೆ. ಟಿವಿ ಇಲ್ಲ, ಕುಸ್ತಿ ಇಲ್ಲ. ಅಂಗಡಿಯಲ್ಲಿ ಹಾಲು ಕೊಳ್ಳಲು ಎರಡು ಸೆಂಟ್ ಕಡಿಮೆ ಬೀಳುತ್ತದೆ, ಅಂಗಡಿಯವನು ಕೊಡುವುದಿಲ್ಲ. ಹಿಂದೆ ನಿಂತವನು ಗಲ್ಲಾಪೆಟ್ಟಿಗೆಗೆ ಕೈಹಾಕಿ, ಹಾಲನ್ನು ಪೀಟರ್ ಕಡೆ ಎಸೆದು ಓಡುತ್ತಾನೆ. ಎಷ್ಟು ಸಣ್ಣ ವಿಷಯ! ದುರಾಸೆ ಕೂಡ ಅಲ್ಲ, ಬರೀ ಸಿಟ್ಟು. ಹೊರಗೆ ಬೆನ್ ಅಂಕಲ್, ಜಗಳವಾಡಿ ಮನೆ ಬಿಟ್ಟು ಹೋದ ಹುಡುಗನನ್ನು ಹುಡುಕುತ್ತಾ ಬಂದವರು, ಅದೇ ಕಳ್ಳನ ಕೈಯಲ್ಲಿ ಗುಂಡು ತಿನ್ನುತ್ತಾರೆ. ಮಾರ್ಟಿನ್ ಶೀನ್ ಅಂಥ ನಟ, ಆ ಮನೆ, ಆ ಜಗಳ, ಎಲ್ಲ ಕೂಡಿ ಬಂದಿದೆ. ಪೊಲೀಸರು ತಂದ ರೇಖಾಚಿತ್ರ ನೋಡಿದಾಗ ಪೀಟರ್‌ಗೆ ಯಾರು ಅಂತ ಗೊತ್ತಾಗುತ್ತದೆ. ಮಣಿಕಟ್ಟಿನ ಮೇಲೆ ನಕ್ಷತ್ರದ ಹಚ್ಚೆ. ರಾತ್ರಿಯೆಲ್ಲಾ ಅಂಥವರನ್ನೇ ಹುಡುಕಿ ಹುಡುಕಿ ಹೊಡೆಯುತ್ತಾನೆ, ಕೈ ತಿರುಗಿಸಿ ಹಚ್ಚೆ ನೋಡುತ್ತಾನೆ, ಇವನಲ್ಲ ಅಂತ ಮುಂದೆ ಹೋಗುತ್ತಾನೆ.

ಇಲ್ಲಿಯವರೆಗೆ ಚಪ್ಪಾಳೆ. ಆಮೇಲೆ? ಆಮೇಲೆ ಏನೂ ಇಲ್ಲ! ಹಲ್ಲಿಯಾಗಿ ಮಾರ್ಪಟ್ಟ ವಿಜ್ಞಾನಿ ಲಿಜರ್ಡ್ ಬರುತ್ತಾನೆ, ಸೇತುವೆ ಮೇಲೆ ಗಲಾಟೆ ಆಗುತ್ತದೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಕಳ್ಳ ಸಿಗುವುದೇ ಇಲ್ಲ. ಸಿಗದಿದ್ದರೂ ಪರವಾಗಿಲ್ಲ, ಆದರೆ ಇನ್ನು ಹುಡುಕುವುದಿಲ್ಲ ಅಂತ ಪೀಟರ್ ತೀರ್ಮಾನ ಮಾಡುವ ಒಂದು ದೃಶ್ಯ ಬೇಡವಾ? 136 ನಿಮಿಷದ ಸಿನಿಮಾದಲ್ಲಿ ಅದಕ್ಕೆ ಒಂದು ನಿಮಿಷ ಇರಲಿಲ್ಲವಾ?

ಇನ್ನೂ ಒಂದು. ಗ್ವೆನ್ ಅಪ್ಪ, ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಸ್ಟೇಸಿ ಸಾಯುವಾಗ ಗ್ವೆನ್‌ಳನ್ನು ಇದರಿಂದ ದೂರ ಇಡು ಅಂತ ಮಾತು ತೆಗೆದುಕೊಳ್ಳುತ್ತಾರೆ. ಪೀಟರ್ ಒಪ್ಪುತ್ತಾನೆ. ಕೊನೆಯಲ್ಲಿ ತರಗತಿಯಲ್ಲಿ ಕೂತು, ಉಳಿಸಿಕೊಳ್ಳಲಾಗದ ಮಾತುಗಳೇ ಚೆಂದ ಅನ್ನುವ ಅರ್ಥದಲ್ಲಿ ಅವಳ ಕಿವಿಗೆ ಬೀಳುವ ಹಾಗೆ ಹೇಳುತ್ತಾನೆ, ಅವಳು ನಗುತ್ತಾಳೆ. ಒಬ್ಬ ಸತ್ತವನಿಗೆ ಕೊಟ್ಟ ಮಾತು ಅದು! ಬೆನ್ ಸಾವಿನಿಂದ ಏನಾದರೂ ಕಲಿತ ಹುಡುಗ ಹೀಗೆ ಹೇಳುತ್ತಾನಾ?

ನಿಮಗೇನು ಅನಿಸಿತು, ಬರೆಯಿರಿ.

ಉತ್ತರ:

ಸರ್, ನಾನು ಕಾಮಿಕ್ಸ್ ಓದಿದವನಲ್ಲ, ನನಗೆ ಇದೇ ಮೊದಲ ಸ್ಪೈಡರ್‌ಮ್ಯಾನ್. ನೀವು ಹೇಳಿದ ಹುಡುಕಾಟ ನಿಂತಿದ್ದು ನನಗೆ ತಪ್ಪು ಅನಿಸಲೇ ಇಲ್ಲ. ಸೇತುವೆ ದೃಶ್ಯವೇ ಅದಕ್ಕೆ ಉತ್ತರ ಅಲ್ವಾ? ಉರಿಯುವ ಕಾರಿನಲ್ಲಿ ಸಿಕ್ಕಿಕೊಂಡ ಮಗು, ಪೀಟರ್ ತನ್ನ ಮುಖವಾಡ ತೆಗೆದು ಅದಕ್ಕೆ ಕೊಡುತ್ತಾನೆ, ಹಾಕಿಕೋ, ಧೈರ್ಯ ಬರುತ್ತದೆ ಅಂತ. ಅಲ್ಲಿಯವರೆಗೆ ಆ ಮುಖವಾಡ ಸೇಡಿಗೆ ಹಾಕಿದ್ದು. ಅಲ್ಲಿಂದ ಮುಂದೆ ಬೇರೆಯವರಿಗಾಗಿ. ಅದಕ್ಕೆ ಸ್ವಲ್ಪ ಮುಂಚೆ ಊಟದ ಮೇಜಿನಲ್ಲಿ ಕ್ಯಾಪ್ಟನ್ ಸ್ಟೇಸಿ, ಇವನು ಒಂದೇ ಥರದ ಜನರ ಹಿಂದೆ ಬಿದ್ದಿದ್ದಾನೆ, ಇದು ಸ್ವಂತ ದ್ವೇಷ ಅಂತ ಹೇಳುತ್ತಾರೆ. ಪೀಟರ್‌ಗೆ ಆ ಮಾತು ನಾಟುತ್ತದೆ. ಆಮೇಲೆ ಸೇತುವೆ. ಎರಡೂ ಪಕ್ಕಪಕ್ಕದಲ್ಲೇ ಇವೆ. ಬಿಡಿಸಿ ಹೇಳಲಿಲ್ಲ ಅಷ್ಟೇ. ಆಮೇಲೆ ಆ ಮಗುವಿನ ಅಪ್ಪನೇ, ಪೀಟರ್ ಬಲೆ ಹಿಡಿದು ಸಾಗಲಿ ಅಂತ, ಕ್ರೇನ್‌ಗಳನ್ನು ಸಾಲಾಗಿ ತಿರುಗಿಸಿ ನಿಲ್ಲಿಸುವುದು, ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಉತ್ತರ:

ಕ್ರೇನ್ ದೃಶ್ಯಕ್ಕೆ ನನ್ನದೂ ಒಂದು ಮತ. ಜೇಮ್ಸ್ ಹಾರ್ನರ್ ಅವರ ಸಂಗೀತ ಅಲ್ಲಿ ಏರುವ ರೀತಿ! ಅದನ್ನು ಬೈಯುವವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಉತ್ತರ:

ಎಲ್ಲರೂ ಪೀಟರ್, ಗ್ವೆನ್ ಅಂತ ಮಾತಾಡುತ್ತಿದ್ದೀರಿ, ಲಿಜರ್ಡ್‌ಗೆ ಆದ ಅನ್ಯಾಯ ಯಾರೂ ಹೇಳುತ್ತಿಲ್ಲ. 1963ರ 6ನೇ ಸಂಚಿಕೆಯಲ್ಲಿ ಲಿಜರ್ಡ್ ಆಗುವ ಕರ್ಟ್ ಕಾನರ್ಸ್‌ಗೆ ಹೆಂಡತಿ ಇದ್ದಾಳೆ, ಮಗ ಬಿಲ್ಲಿ ಇದ್ದಾನೆ. ಯುದ್ಧದಲ್ಲಿ ಕೈ ಕಳೆದುಕೊಂಡ ಸರ್ಜನ್, ಹಲ್ಲಿಯ ಬಾಲದ ಹಾಗೆ ಕೈ ಮತ್ತೆ ಬೆಳೆಸಿಕೊಳ್ಳಲು ಹೋಗಿ ಮೃಗವಾಗುತ್ತಾನೆ. ಕಥೆಯ ನೋವೆಲ್ಲ ಆ ಮನೆಯವರಲ್ಲಿದೆ. ಅಪ್ಪ ಎದುರಿಗೇ ಇದ್ದಾನೆ, ಆದರೆ ಅಪ್ಪ ಅಲ್ಲ. ಪೀಟರ್ ಅವನನ್ನು ಸೋಲಿಸಿದರೆ ಸಾಲದು, ಮನೆಗೆ ವಾಪಸ್ ತರಬೇಕು. ಸಿನಿಮಾದಲ್ಲಿ ಸಂಸಾರವನ್ನೇ ತೆಗೆದುಹಾಕಿದರು. ರೀಸ್ ಐಫನ್ಸ್ ಎಷ್ಟು ಚೆನ್ನಾಗಿ ಮಾಡಿದರೂ ಉಳಿದಿದ್ದು ಊರಿನವರನ್ನೆಲ್ಲ ಹಲ್ಲಿ ಮಾಡಲು ಹೊರಟ ಒಬ್ಬ ವಿಜ್ಞಾನಿ. ಅಂಥವರನ್ನು ನಾವು ಸಾಕಷ್ಟು ನೋಡಿದ್ದೇವೆ. ಮುಖವಂತೂ ಬಿಡಿ. ಡಿಟ್ಕೋ ಬಿಡಿಸಿದ ಉದ್ದ ಮೂತಿ, ಮೇಲೊಂದು ಬಿಳಿ ಕೋಟು, ಎಷ್ಟು ಚೆಂದ ಇತ್ತು. ಇಲ್ಲಿ ಚಪ್ಪಟೆ ಮುಖ. ಮಾತಾಡಲಿ, ಭಾವನೆ ಕಾಣಲಿ ಅಂತ ಹಾಗೆ ಮಾಡಿರಬಹುದು, ಆದರೆ ಭಾವನೆ ಹುಟ್ಟುವುದಕ್ಕೆ ಬೇಕಾದ ಹೆಂಡತಿ ಮಗನನ್ನೇ ಕೊಡದೆ ಮುಖ ಮಾತ್ರ ಮನುಷ್ಯನ ಥರ ಮಾಡಿದರೆ ಏನು ಬಂತು?

ಉತ್ತರ:

ಕತ್ತರಿ ಬಿದ್ದಿದ್ದು ಲಿಜರ್ಡ್‌ಗೆ ಮಾತ್ರ ಅಲ್ಲ. ಇರ್ಫಾನ್ ಖಾನ್ ಮಾಡಿದ, ಕಾನರ್ಸ್ ಕೆಲಸ ಮಾಡುವ ಕಂಪನಿಯ ಡಾಕ್ಟರ್ ರಾಥಾ ಪಾತ್ರ ಸೇತುವೆ ಗಲಾಟೆಯ ಹೊತ್ತಿಗೆ ಕಾರಿನಲ್ಲಿ ಹೋಗುತ್ತಿರುತ್ತಾನೆ, ಆಮೇಲೆ ಎಲ್ಲಿ ಹೋದ? ಅವನ ಚರಂಡಿ ಸುರಂಗದ ದೃಶ್ಯ ಒಂದನ್ನು ಚಿತ್ರಿಸಿ ತೆಗೆದುಹಾಕಿದ್ದರು. ಪೋಸ್ಟರ್ ಮೇಲೆಲ್ಲ ಇದುವರೆಗೆ ಹೇಳದ ಕಥೆ ಅಂತ ದೊಡ್ಡದಾಗಿ ಹಾಕಿದ್ದರು ನೆನಪಿದೆಯಾ? ಟ್ರೈಲರ್‌ನಲ್ಲಿ, ನಿನಗೆ ಆಗಿದ್ದು ಆಕಸ್ಮಿಕ ಅಂದುಕೊಂಡೆಯಾ ಅಂತ ಪೀಟರ್‌ನನ್ನು ಕೇಳುವ ಮಾತಿತ್ತು. ಸಿನಿಮಾದಲ್ಲಿ ಅದು ಇಲ್ಲ. ಅಪ್ಪ ಅಮ್ಮನ ಗುಟ್ಟಿನಿಂದ ಶುರುವಾದ ಸಿನಿಮಾ, ಆ ಗುಟ್ಟನ್ನು ಹೇಳದೆ ಮುಗಿಯುತ್ತದೆ. ಕೊನೆಗೆ ಜೈಲಿನಲ್ಲಿ ಕತ್ತಲಿಂದ ಒಬ್ಬ ಬಂದು, ಹುಡುಗನಿಗೆ ಅವನ ಅಪ್ಪನ ವಿಷಯ ಹೇಳಿದೆಯಾ ಅಂತ ಕಾನರ್ಸ್‌ನನ್ನು ಕೇಳಿ ಮಾಯವಾಗುತ್ತಾನೆ. ಮುಂದಿನ ಸಿನಿಮಾಕ್ಕೆ ದುಡ್ಡು ಕೊಟ್ಟು ಬನ್ನಿ ಅಂತ ಅರ್ಥ. ನೋಡುಗರಿಗೆ ಇದು ಮೋಸ.

ಚರ್ಚೆ ಶುರು ಮಾಡಿದವರು:

ಸೇತುವೆ ಬಗ್ಗೆ ಬರೆದವರಿಗೆ: ನಿಮ್ಮ ಮಾತು ನನಗೆ ತುಂಬಾ ಹಿಡಿಸಿತು. ಕಾಮಿಕ್ಸ್‌ನಲ್ಲಿ ಕಳ್ಳನ ಮುಖ ಮಾಡಿದ ಕೆಲಸವನ್ನು ಇಲ್ಲಿ ಮಗುವಿನ ಮುಖ ಮಾಡುತ್ತದೆ, ಅದು ಸುಂದರವಾದ ಯೋಚನೆ. ಆದರೂ ನನ್ನ ತಕರಾರು ಹಾಗೇ ಇದೆ. ಕಳ್ಳನ ಮುಖ ನೋಡಿದ ಪೀಟರ್ ತಪ್ಪು ನನ್ನದು ಅಂತ ಅರಿಯುತ್ತಾನೆ. ಮಗುವಿನ ಮುಖ ನೋಡಿದ ಪೀಟರ್‌ಗೆ ತಾನು ಒಳ್ಳೆಯದು ಮಾಡಬಲ್ಲೆ ಅಂತ ಗೊತ್ತಾಗುತ್ತದೆ. ಎರಡೂ ಬೇಕು. ಎರಡನೆಯದು ಸಿಕ್ಕ ಮಾತ್ರಕ್ಕೆ ಮೊದಲನೆಯದು ಮುಗಿದ ಹಾಗಲ್ಲ. ಸೇತುವೆಯಿಂದ ಮನೆಗೆ ಬಂದು ಗೋಡೆಗೆ ಅಂಟಿಸಿದ ಆ ರೇಖಾಚಿತ್ರದ ಮುಂದೆ ಪೀಟರ್ ಒಮ್ಮೆ ಕೂತಿದ್ದರೂ ಸಾಕಿತ್ತು. ಕೊನೆಯಲ್ಲಿ ಫೋನಿನಲ್ಲಿ ಉಳಿದಿದ್ದ ಬೆನ್ ಅಂಕಲ್ ಧ್ವನಿ ಕೇಳುತ್ತಾನಲ್ಲ, ಆ ದೃಶ್ಯ ನನ್ನ ಎದೆ ಹಿಂಡುತ್ತದೆ. ಆದರೆ ಕೊಂದವನು ಹೊರಗೆ ಓಡಾಡಿಕೊಂಡಿದ್ದಾನೆ, ಪೀಟರ್‌ಗೂ ಅದರ ನೆನಪಿಲ್ಲ, ನಿರ್ದೇಶಕ ಮಾರ್ಕ್ ವೆಬ್ ಅವರಿಗೂ ಇಲ್ಲ.

ಲಿಜರ್ಡ್ ಬಗ್ಗೆ ಬರೆದವರು ನೂರಕ್ಕೆ ನೂರು ಸರಿ. ಬಿಲ್ಲಿ ಇದ್ದಿದ್ದರೆ, ಅಪ್ಪನನ್ನು ಕಳೆದುಕೊಂಡ ಪೀಟರ್ ಇನ್ನೊಬ್ಬ ಹುಡುಗನ ಅಪ್ಪನನ್ನು ಉಳಿಸಲು ಓಡುತ್ತಿದ್ದ. ಇಡೀ ಸಿನಿಮಾಕ್ಕೆ ಬೆನ್ನೆಲುಬು ಅದೇ ಆಗುತ್ತಿತ್ತು.

ಪೀಟರ್‌ನ ಅಪ್ಪ ಅಮ್ಮನ ವಿಷಯ ನನಗೆ ಮೊದಲಿಂದಲೂ ಅಷ್ಟು ಮುಖ್ಯ ಅಲ್ಲ. 1968ರ ವಾರ್ಷಿಕ ಸಂಚಿಕೆಯಲ್ಲಿ ಅವರು ಗೂಢಚಾರರು ಅಂತ ಒಂದು ಕಥೆ ಬಂತು, ಆದರೆ ಪೀಟರ್‌ನನ್ನು ಪೀಟರ್ ಮಾಡಿದ್ದು ಅವನನ್ನು ಸಾಕಿದ ಬೆನ್ ಮತ್ತು ಅವರ ಹೆಂಡತಿ ಮೇ. ಈ ಹುಡುಗ ಹುಟ್ಟಿನಿಂದಲೇ ವಿಶೇಷ ಅಂತ ಮಾಡಲು ಹೋದರೆ, ಯಾರಿಗೆ ಬೇಕಾದರೂ ಆಗಬಹುದಿತ್ತು ಅನ್ನುವ ಆಸೆಯೇ ಹೋಗುತ್ತದೆ.

ಉತ್ತರ:

ಗುರುಗಳೇ, ಕೊಟ್ಟ ಮಾತು ಮುರಿಯುವ ವಿಷಯದಲ್ಲಿ ನೀವು ಎರಡನೇ ಸಿನಿಮಾವನ್ನೂ ಸೇರಿಸಿ ನೋಡಬೇಕು. 2014ರ ಸಿನಿಮಾದಲ್ಲಿ ಪೀಟರ್‌ಗೆ ಸತ್ತ ಕ್ಯಾಪ್ಟನ್ ಸ್ಟೇಸಿ ಅಲ್ಲಲ್ಲಿ ಕಾಣಿಸುತ್ತಾರೆ, ಅದರಿಂದಲೇ ಪೀಟರ್, ಗ್ವೆನ್ ಇಬ್ಬರೂ ಬೇರೆಯಾಗುತ್ತಾರೆ. ಕೊನೆಗೆ ಗಡಿಯಾರ ಗೋಪುರದಲ್ಲಿ ಗ್ವೆನ್ ಬೀಳುತ್ತಾಳೆ. ಬಲೆಯ ತುದಿ ಕೈಬೆರಳಿನ ಹಾಗೆ ಬಿಚ್ಚಿಕೊಂಡು ಅವಳ ಕಡೆ ಚಾಚುತ್ತದೆ, ಹಿಡಿಯುತ್ತದೆ ಕೂಡ, ಆದರೆ ಒಂದು ಕ್ಷಣ ತಡ, ಅವಳು ಸಾಯುತ್ತಾಳೆ. ಗ್ವೆನ್ ಸಾಯುವ 1973ರ 121ನೇ ಸಂಚಿಕೆ ಓದಿದವರಿಗೆ ಗ್ವೆನ್ ಆ ಹಸಿರು ಕೋಟು ಹಾಕಿಕೊಂಡು ಬಂದಾಗಲೇ ಎದೆ ಧಸಕ್ಕೆಂದಿರುತ್ತದೆ. ಗೆರ್ರಿ ಕಾನ್ವೇ ಬರೆದು ಗಿಲ್ ಕೇನ್ ಬಿಡಿಸಿದ ಆ ಪುಟದಲ್ಲಿ ಅವಳ ಕತ್ತಿನ ಪಕ್ಕ ಒಂದು ಪುಟ್ಟ 'ಸ್ನ್ಯಾಪ್' ಇದೆ. ಉಳಿಸಲು ಎಸೆದ ಬಲೆಯೇ ಕೊಂದಿತಾ ಅನ್ನುವ ಪ್ರಶ್ನೆ ಅವತ್ತಿನಿಂದ ಹಾಗೇ ಇದೆ. ಮೊದಲ ಸಿನಿಮಾದ ಆ ನಗುವಿಗೆ ಎರಡನೇ ಸಿನಿಮಾ ಬೆಲೆ ತೆತ್ತಿದೆ.

ಉತ್ತರ:

ಒಂದು ಸಿನಿಮಾದ ಸಾಲ ಇನ್ನೊಂದು ಸಿನಿಮಾ ತೀರಿಸಬೇಕು ಅಂದರೆ ಹೇಗೆ? ಎರಡು ವರ್ಷ ಕಾಯಬೇಕಾ ನಾವು? ಅದಕ್ಕೇ ನನಗೆ 2017ರ 'ಹೋಮ್‌ಕಮಿಂಗ್' ಇಷ್ಟ. ಜೇಡ ಕಚ್ಚುವುದನ್ನು ತೋರಿಸಲೇ ಇಲ್ಲ, ಬೆನ್ ಅಂಕಲ್ ಸಾವನ್ನು ಮತ್ತೆ ತೋರಿಸಲಿಲ್ಲ. ಎಲ್ಲರಿಗೂ ಗೊತ್ತಿರುವ ಕಥೆಯನ್ನು ಬಿಟ್ಟು ನೇರವಾಗಿ ಹುಡುಗನ ಬದುಕಿಗೆ ಬಂದರು.

ಉತ್ತರ:

ಬಿಟ್ಟಿದ್ದು ಸರಿ, ಆದರೆ ಬೆನ್ ಹೆಸರನ್ನೇ ಎತ್ತದ ಹಾಗೆ ಬಿಟ್ಟರು. ಆ ಜಾಗದಲ್ಲಿ ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್, ಬಂದು ಕೂತರು. ತಪ್ಪಿಗಾಗಿ ಮುಖವಾಡ ಹಾಕುವ ಹುಡುಗ ಹೋಗಿ, ದೊಡ್ಡವರ ಮೆಚ್ಚುಗೆಗಾಗಿ ಹಾಕುವ ಹುಡುಗ ಬಂದ. ಅದನ್ನು ಸರಿಮಾಡಲು 2021ರ 'ನೋ ವೇ ಹೋಮ್' ತನಕ ಕಾಯಬೇಕಾಯಿತು, ಮೇ ಆಂಟಿ ಬಾಯಲ್ಲಿ ಆ ಸಾಲು ಬರುವವರೆಗೆ. ಅದೇ ಸಿನಿಮಾದಲ್ಲಿ ಗಾರ್ಫೀಲ್ಡ್ ಬೀಳುತ್ತಿದ್ದ ಎಂಜೆಯನ್ನು, ಆ ಸಿನಿಮಾದ ಪೀಟರ್‌ನ ಗೆಳತಿಯನ್ನು, ಹಿಡಿದಾಗ ಅವರ ಮುಖ ನೋಡಿದಿರಾ? ಏಳು ವರ್ಷದ ಹಿಂದೆ ನಿಂತುಹೋಗಿದ್ದ ಕಥೆ ಅಲ್ಲಿ ಒಂದು ಉಸಿರು ಬಿಟ್ಟಿತು.

ಉತ್ತರ:

ಅಣ್ಣಾ, ಚರ್ಚೆ ಓದಿ ಆಸೆ ಆಯಿತು. ಕಾಮಿಕ್ಸ್ ಮುಟ್ಟದವಳು ನಾನು. ಈ ಸಿನಿಮಾ ಇಟ್ಟುಕೊಂಡು ಓದುವುದಾದರೆ ಎಲ್ಲಿಂದ ಶುರು ಮಾಡಲಿ?

ಚರ್ಚೆ ಶುರು ಮಾಡಿದವರು:

ತಂಗೀ, ಮೊದಲು ಆ ಮೊದಲ ಕಥೆ ಬಂದ 1962ರ 'ಅಮೇಜಿಂಗ್ ಫ್ಯಾಂಟಸಿ' 15. ಚಿಕ್ಕದು, ಒಂದೇ ಸಲಕ್ಕೆ ಓದಿ ಮುಗಿಸಬಹುದು. ಆಮೇಲೆ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸರಣಿಯ 6, ಲಿಜರ್ಡ್‌ಗಾಗಿ. 31ರಿಂದ 33, ಗ್ವೆನ್ ಬರುವುದೂ ಅಲ್ಲೇ, ಯಂತ್ರದ ರಾಶಿಯಡಿ ಸಿಕ್ಕ ಪೀಟರ್ ಅದನ್ನು ಎತ್ತಿ ಹೊರಬರುವ ಪುಟಗಳೂ ಅಲ್ಲೇ. ಆ ಪುಟಗಳನ್ನು ನಿಧಾನವಾಗಿ ಓದಿ, ಓಡಿಸಬೇಡಿ.

ಆಮೇಲೆ 1970ರ 90. ಇದನ್ನು ಸಿನಿಮಾ ಕೊನೆಯ ಜೊತೆ ಇಟ್ಟು ನೋಡಲೇಬೇಕು. ಇಲ್ಲಿನ ಕ್ಯಾಪ್ಟನ್ ಸ್ಟೇಸಿ ಸ್ಪೈಡರ್‌ಮ್ಯಾನ್ ಕಂಡರೆ ಸಿಡುಕುವ ಪೊಲೀಸ್ ಅಲ್ಲ, ಅವನ ಮೇಲೆ ನಂಬಿಕೆ ಇಟ್ಟ ಹಿರಿಯ. ಬೀಳುವ ಇಟ್ಟಿಗೆಗಳಿಂದ ಒಂದು ಮಗುವನ್ನು ಉಳಿಸಿ ಸಾಯುತ್ತಾರೆ. ಆಗ ಗೊತ್ತಾಗುತ್ತದೆ, ಮುಖವಾಡದೊಳಗೆ ಪೀಟರ್ ಇದ್ದಾನೆ ಅನ್ನುವುದು ಅವರಿಗೆ ತಿಳಿದಿತ್ತು ಅಂತ. ಗ್ವೆನ್‌ಳನ್ನು ನೋಡಿಕೋ ಅಂತ ಅವನ ಕೈಗೆ ಒಪ್ಪಿಸಿ ಹೋಗುತ್ತಾರೆ. ಸಿನಿಮಾದಲ್ಲಿ ದೂರ ಇರು, ಕಾಮಿಕ್ಸ್‌ನಲ್ಲಿ ಜೊತೆಗಿರು. ಯಾವುದು ಹೆಚ್ಚು ಭಾರ ಅಂತ ನೀವೇ ಹೇಳಬೇಕು. ನನಗೆ ಕಾಮಿಕ್ಸ್‌ನದು.

121 ಓದಿದ ಮೇಲೆ 122ನ್ನು ಬಿಡಬೇಡಿ. ಅದರಲ್ಲಿ ಪೀಟರ್ ಸೇಡು ತೀರಿಸಿಕೊಳ್ಳಲು, ಗ್ವೆನ್ ಸಾವಿಗೆ ಕಾರಣನಾದ ಖಳ ಗಾಬ್ಲಿನ್ ಹಿಂದೆ ಹೋಗುತ್ತಾನೆ, ಸಾಯುವ ಹಾಗೆ ಹೊಡೆಯುತ್ತಾನೆ, ಇನ್ನೊಂದು ಏಟಿಗೆ ಪ್ರಾಣ ಹೋಗುತ್ತದೆ ಅನ್ನುವಾಗ ತಾನಾಗಿಯೇ ಕೈ ನಿಲ್ಲಿಸುತ್ತಾನೆ. ಆ ಪ್ಯಾನೆಲ್‌ಗಳಲ್ಲಿ ಅವನು ಏನು ಯೋಚಿಸುತ್ತಾನೆ ಅಂತ ಓದಿ. ಸೇಡನ್ನು ಕೆಳಗಿಡುವುದನ್ನು ಹೇಗೆ ಬರೆಯಬೇಕು ಅನ್ನುವುದು ಅಲ್ಲಿದೆ. 2012ರವರು ಅದನ್ನೇ ತೋರಿಸಬೇಕಿತ್ತು.